ಮುಂದಿನ ಚಕ್ರದ ಕಪ್ಪು

ನನ್ನ ಕಾರು ಎಲ್ಲಿಗೂ ಹೋಗುವುದಿಲ್ಲ, ಆದರೆ ತುಂಬ ಓಡುತ್ತದೆ. ಸಂಜೆ ಮನೆಯೊಳಗೆ ಕೂರಲಾಗದೆ ಕುಂದಾಪುರದಿಂದ ಹೊರಟು, ಮರವಂತೆ ದಾಟಿ, ಬೈಂದೂರಿನ ಒತ್ತಿನೆಣೆಯ ಗುಡ್ಡದವರೆಗೆ ಹೋಗುತ್ತೇನೆ. ಅಲ್ಲಿ ನನಗೆ ಯಾರೂ ಇಲ್ಲ. ಸ್ವಲ್ಪ ಹೊತ್ತು ಸಮುದ್ರ ನೋಡಿ, ಹೋದ ದಾರಿಯಲ್ಲೇ ಹಿಂದಿರುಗುತ್ತೇನೆ. ಹೆದ್ದಾರಿ ಅಗಲವಾದ ಮೇಲೂ ಬ್ಯಾರಿಕೇಡುಗಳಿವೆ, ಅಡ್ಡ ಬರುವ ದನಗಳಿವೆ, ಸರ್ವಿಸ್ ರಸ್ತೆಯಿಂದ ಹಿಂದೆ ಮುಂದೆ ನೋಡದೆ ನುಗ್ಗುವ ಸ್ಕೂಟರುಗಳಿವೆ, ಎಲ್ಲೆಂದರಲ್ಲಿ ನಿಲ್ಲುವ ಬಸ್ಸುಗಳಿವೆ. ಬ್ರೇಕ್ ಒತ್ತುತ್ತಲೇ ಇರಬೇಕು. ಒತ್ತಿದ್ದೆಲ್ಲ ಮುಂದಿನ ಎರಡು ಚಕ್ರಗಳ ಮೇಲೆ ಕಪ್ಪು ಧೂಳಾಗಿ ಕೂರುತ್ತದೆ.

ಅದನ್ನು ಮೊದಲು ಗಮನಿಸಿದವನು ನಾನಲ್ಲ, ಪಕ್ಕದ ಮನೆಯವರು. ಗಂಗೊಳ್ಳಿಯಲ್ಲಿ ಬಹಳ ಕಾಲ ಮೀನು ಹಿಡಿಯುವ ಬೋಟಿಗೆ ಹೋಗಿ, ಮೊಣಕಾಲು ಸೋತ ಮೇಲೆ ಮನೆಯಲ್ಲೇ ಇರುವವರು. ಕಾಂಪೌಂಡಿನ ಗೋಡೆಗೆ ಒರಗಿ ನಿಂತು ಇಡೀ ಓಣಿಯನ್ನು ನೋಡಿಕೊಳ್ಳುವುದು ಈಗ ಅವರ ಕೆಲಸ.

"ಹ್ವಾಯ್ ಮಾಷ್ಟ್ರೇ, ನಿಮ್ ಕಾರಿನ್ ಚಕ್ರ ಎಂತ, ದ್ವಾಸಿ ಕಾವಲಿ ಅಡಿ ಆದಾಂಗೆ ಆಯ್ತಲೆ?"

"ಬ್ರೇಕಿನ ಧೂಳ್ ಮರ್ರೆ."

"ಮೇಲಿಂದ ಕಾರ್ ಪಳಪಳ, ಕಾಲ್ ಮಾತ್ರ ತೊಳಿದಿದ್ರೆ ಹ್ಯಾಂಗೆ?"

ಮರುದಿನ ಬೆಳಿಗ್ಗೆ ಬಕೆಟ್ಟು, ಹಳೆಯ ಬನಿಯನ್ನು ಹಿಡಿದು ಕೂತೆ. ಸೋಪಿನ ನೀರಿಗೆ ಮೇಲಿನ ಧೂಳು ಮಾತ್ರ ಹೋಯಿತು. ಚಕ್ರದ ಕಡ್ಡಿಗಳ ಸಂದಿಯಲ್ಲಿ ಬೆಂದು ಅಂಟಿಕೊಂಡದ್ದು ಜಗ್ಗಲಿಲ್ಲ. ಡಿಸ್ಕ್ ಬ್ರೇಕಿನ ಬಿಲ್ಲೆಯಿಂದ ಸವೆದ ಕಬ್ಬಿಣದ ಪುಡಿ ಬಿಸಿಯಾಗಿಯೇ ಹಾರಿ ಬಂದು ಕೂರುತ್ತದೆ; ನಮ್ಮ ಕಡೆಯ ಉಪ್ಪುಗಾಳಿಗೆ ಅಲ್ಲೇ ತುಕ್ಕು ಹಿಡಿದು ಬೇರು ಬಿಡುತ್ತದೆ. ಆಗ ನನಗೆ ಅಪ್ಪಯ್ಯನ ನೆನಪಾಯಿತು. ಅವರು ಇದಕ್ಕೆ ಏನು ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು.

ಹಿತ್ತಿಲಲ್ಲಿ ಬಿಂಬುಳಿಯ ಮರವಿದೆ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುವ ಹಸಿರು ಹುಳಿಕಾಯಿ. ಮೀನಿನ ಸಾರಿಗೆ ಹಾಕುತ್ತಾರೆ, ಹಿತ್ತಾಳೆ ದೀಪ ಬೆಳಗುತ್ತಾರೆ. ಒಂದು ಹಿಡಿ ಕೊಯ್ದು ತಂದು, ಸೀಳಿ, ಚಕ್ರಕ್ಕೆ ತಿಕ್ಕಿದೆ. ಕಪ್ಪು ಕರಗಿ ಇಳಿಯತೊಡಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಉಳಿದ ಕಾಯಿಗಳನ್ನೂ ಜಜ್ಜಿ, ದೀಪಕ್ಕೆ ಮೆತ್ತಿ ಬಿಡುವ ಹಾಗೆ ಎರಡೂ ಚಕ್ರಕ್ಕೆ ಮೆತ್ತಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ತೊಳೆದು ನೋಡಿದರೆ ಕಪ್ಪು ಹೋಗಿತ್ತು, ಹೊಳಪೂ ಹೋಗಿತ್ತು. ಅಲಾಯ್ ಚಕ್ರದ ತುಂಬ ಸಿಬ್ಬು ಹಿಡಿದಂತೆ ಬಿಳಿ ಕಲೆಗಳು.

ಗೋಡೆಯ ಆಚೆಯಿಂದ ದನಿ ಬಂತು. "ಎಂತ ಹಾಕಿದ್ರಿ?"

"ಬಿಂಬುಳಿ."

ಅವರು ಗೋಡೆಯ ಮೇಲಿಂದ ಬಗ್ಗಿ ಎರಡೂ ಚಕ್ರ ನೋಡಿದರು. ಆಮೇಲೆ ಕೇಳಿದರು, "ಉಪ್ಪು ಖಾರ ಸಮ ಇದ್ದಿತಾ?"

ನಾನೂ ನಕ್ಕೆ. ಆದರೆ ಒಳಗೆ ಬಂದು ಕೈ ತೊಳೆಯುವಾಗ ನಗು ಹೋಗಿತ್ತು. ಅಪ್ಪಯ್ಯನ ಚಕ್ರ ಹಾಳಾಗದೆ ನನ್ನದು ಮಾತ್ರ ಹಾಳಾದದ್ದು ಏಕೆ?

ಇಲ್ಲಿ ಅಪ್ಪಯ್ಯನ ಬಗ್ಗೆ ಹೇಳಬೇಕು, ಹೇಳುವುದಕ್ಕೆ ಹೆಚ್ಚೇನಿಲ್ಲ. ಅವರು ಗೇರುಬೀಜದ ಕಾರ್ಖಾನೆಯೊಂದರ ದಣಿಗಳಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ನಾನಿನ್ನೂ ಸಣ್ಣವನಿರುವಾಗಲೇ ಕೆಮ್ಮಿ ಕೆಮ್ಮಿ ಹೋದರು. ಬೀಡಿಯೋ, ಧೂಳೋ, ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಈಗ ನಾನು ಊಹಿಸುವುದೂ ಇಲ್ಲ. ನಾವಿಬ್ಬರೂ ಜೊತೆಗಿರುವ ಒಂದು ಫೋಟೋ ಇಲ್ಲ. ನನ್ನಲ್ಲಿ ಇರುವುದು ಒಂದೇ ಒಂದು ದೃಶ್ಯ. ಸಂಜೆ ಅಂಗಳದಲ್ಲಿ ಅವರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಕಾರಿನ ಚಕ್ರ. ಸೀಳಿದ ಬಿಂಬುಳಿಯಿಂದ ತಿಕ್ಕುತ್ತಿದ್ದಾರೆ. ನಾನು ಚೊಂಬಿನಿಂದ ನೀರು ಬಿಡುತ್ತಿದ್ದೇನೆ. ಕಪ್ಪು ನೀರು ಅವರ ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿದೆ. "ಸಣ್ಣಕ್ ಬಿಡ್, ಸಣ್ಣಕ್ ಬಿಡ್" ಎನ್ನುತ್ತಾರೆ. ಹುಳಿ ವಾಸನೆ. ಅಷ್ಟೇ.

ಈ ದೃಶ್ಯವನ್ನು ನಾನು ಬಹಳ ಜೋಪಾನ ಮಾಡಿದ್ದೇನೆ. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಯವರು ತಂತಮ್ಮ ಅಪ್ಪಂದಿರನ್ನು ಬೈಯುವಾಗ ನನಗೂ ಒಬ್ಬ ಅಪ್ಪ ಇದ್ದರು ಎನ್ನಲು ಇದ್ದದ್ದು ಇದೊಂದೇ. ತತ್ವಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸಿ, ಕಂಡದ್ದಕ್ಕೆಲ್ಲ ಪುರಾವೆ ಕೇಳುವ ಚಟ ಹತ್ತಿಸಿಕೊಂಡೆ. ದೇವರಿಗೆ ಕೇಳಿದೆ, ಜಾತಕಕ್ಕೆ ಕೇಳಿದೆ. ಈ ಚೊಂಬಿನ ನೀರಿಗೆ ಮಾತ್ರ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಮತ್ತೆ ಹೊರಗೆ ಹೋಗಿ ಕಾರಿನ ಸುತ್ತ ಬಂದೆ. ಹಿಂದಿನ ಚಕ್ರಗಳ ಮೇಲೆ ರಸ್ತೆಯ ಕೆಂಪು ಮಣ್ಣಿತ್ತೇ ಹೊರತು ಕಪ್ಪಿರಲಿಲ್ಲ. ಅದೇ ರಸ್ತೆ, ಅದೇ ಬ್ರೇಕು. ವ್ಯತ್ಯಾಸವೆಂದರೆ, ಮುಂದೆ ಬ್ರೇಕಿನ ಬಿಲ್ಲೆ ತೆರೆದುಕೊಂಡಿರುತ್ತದೆ. ಹಿಂದಿನದು ಡ್ರಮ್ಮಿನೊಳಗೆ, ಮುಚ್ಚಳ ಹಾಕಿದ ಡಬ್ಬಿಯ ಹಾಗೆ. ಧೂಳು ಒಳಗೇ ಉಳಿಯುತ್ತದೆ. ಇಷ್ಟು ತಿಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಆ ಕಾಲದ ಅಂಬಾಸಿಡರಿಗೆ ನಾಲ್ಕೂ ಕಡೆ ಡ್ರಮ್ಮೇ. ಅಪ್ಪಯ್ಯ ಓಡಿಸುತ್ತಿದ್ದ ಕಾರಿನ ಚಕ್ರ ಹೊರಗಿನಿಂದ ಹೀಗೆ ಕಪ್ಪಾಗಲು ಸಾಧ್ಯವಿರಲಿಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಕಪ್ಪು ನೀರು ಚಕ್ರದ್ದಲ್ಲವಾದರೆ ಎಲ್ಲಿಂದ ಬಂತು? ಚಕ್ರ ಸುಳ್ಳಾದರೆ ಅದರ ಮುಂದೆ ಕೂತ ಮನುಷ್ಯ? ನೀರು ಬಿಟ್ಟ ಹುಡುಗ? ಆ ದೃಶ್ಯ ಹೋದರೆ ಅಪ್ಪಯ್ಯನ ಜೊತೆ ನಾನು ಇದ್ದ ಒಂದು ಗಳಿಗೆಯೂ ನನ್ನಲ್ಲಿ ಉಳಿಯುತ್ತಿರಲಿಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ, ಉಳಿಯುತ್ತಿತ್ತು. ಸುಮ್ಮನಿರಲು ನನಗೆ ಬರುವುದಿಲ್ಲ.

ಅಮ್ಮನೂ ಹೋದ ಮೇಲೆ ಕೇಳಬಹುದಾದವಳು ಅಕ್ಕ ಒಬ್ಬಳೇ. ಬಾರ್ಕೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಭಾವ ಈಗಿಲ್ಲ, ಮಗ ಸೊಸೆ ಇದ್ದಾರೆ. ಹತ್ತಿರವೇ ಆದರೂ ನಾನು ಹೋಗುವುದು ಅಪರೂಪ. ನನ್ನ ಕಾರು ಯಾವಾಗಲೂ ಬಡಗು ದಿಕ್ಕಿಗೆ ಓಡುತ್ತದೆ, ಯಾರೂ ಇಲ್ಲದ ಕಡೆಗೆ. ಅಂದು ತೆಂಕು ಹಿಡಿದು, ಬ್ರಹ್ಮಾವರದಲ್ಲಿ ಎಡಕ್ಕೆ ತಿರುಗಿ, ಕೊಯ್ಲಿಗೆ ಬಂದ ಗದ್ದೆಗಳ ನಡುವೆ ಹೋದೆ.

ಅಕ್ಕ ಬಾವಿಕಟ್ಟೆಯ ಹತ್ತಿರ ತಗ್ಗು ಮಣೆಯ ಮೇಲೆ ಕೂತಿದ್ದಳು. ದೀಪಾವಳಿ ಹತ್ತಿರ ಬಂದಿತ್ತು. ಸುತ್ತ ಹಿತ್ತಾಳೆಯ ದೀಪ, ಹರಿವಾಣ, ಗಿಂಡಿ. ಪಕ್ಕದಲ್ಲಿ ಒಂದು ಬುಟ್ಟಿ ಬಿಂಬುಳಿ.

"ಎಂತ, ದಾರಿ ತಪ್ಪಿತಾ?" ಅಂದಳು, ತಲೆ ಎತ್ತದೆ.

"ಸುಮ್ನೆ ಬಂದದ್ದ್."

"ಸುಮ್ನೆ ಬಪ್ಪವ ಅಲ್ಲ ನೀನ್. ಹೇಳ್, ಎಂತ ಆಯ್ತ್?"

ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಚಕ್ರ ತೋರಿಸಿದೆ. ಬಿಂಬುಳಿಯ ಕತೆ ಹೇಳಿದೆ. ಕಲೆ ತೋರಿಸುವಾಗ ಬಿಂಬುಳಿ ತಲುಪದ ಕಡ್ಡಿಗಳ ಹಿಂಬದಿಗೆಲ್ಲ ಕೈ ಹಾಕಿದ್ದೆ, ಬೆರಳುಗಳು ಕಪ್ಪಾದವು. ಅಕ್ಕ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

"ಇಷ್ಟೆಲ್ಲ ಓದಿ ಚಕ್ರಕ್ಕೆ ಬಿಂಬುಳಿ ಹಾಕ್ದ್ಯಾ? ನಿಂಗ್ ಯಾರ್ ಹೇಳ್ರ್?"

"ಅಪ್ಪಯ್ಯ ಹಾಕ್ತಿದ್ರಲೆ."

"ಅಪ್ಪಯ್ಯ? ಕಾರಿಗೆ? ಅವ್ರಿಗೆಂತ ಮರ್ಲಾ, ಹುಚ್ಚಾ?" ಅವಳ ನಗು ಸ್ವಲ್ಪ ತಡೆದು ನಿಂತಿತು. "ದಣಿಗಳ ಕಾರ್ ನಮ್ಮನಿಗ್ ಯಾವತ್ತ್ ಬಂದಿತ್ ಮಾರಾಯಾ? ಅದ್ ಅವ್ರ ಶೆಡ್ಡಗೇ ಇಪ್ಪುದ್. ಅಪ್ಪಯ್ಯ ನಡ್ಕಂಡೇ ಮನಿಗ್ ಬಪ್ಪುದ್."

ನಾನು ದೃಶ್ಯವನ್ನು ಪೂರ್ತಿಯಾಗಿ ಹೇಳಿದೆ. ಅಂಗಳ, ಚಕ್ರ, ಚೊಂಬು, ಕಪ್ಪು ನೀರು. ಅವಳು ಕೇಳುತ್ತ ಕೇಳುತ್ತ ಬಾವಿಕಟ್ಟೆಗೆ ಹಿಂದಿರುಗಿ ಕೂತಳು.

"ಅದ್ ಚಕ್ರ ಅಲ್ಲ. ಕೈ."

"ಕೈಯಾ?"

"ಅಪ್ಪಯ್ಯನ್ ಕೈ. ದಣಿಗಳನ್ನ ಕರ್ಕಂಡ್ ಘಟ್ಟ ಹತ್ತಿ ಇಳ್ದ್ ಬಂದ್ರೆ, ಮಾರನೆ ದಿನ ಶೆಡ್ಡಗೆ ಚಕ್ರ ಬಿಚ್ಚಿ ಒಳಗಿನ್ ಧೂಳೆಲ್ಲ ತೆಗೀತಿದ್ರ್ ಅಂಬ್ರ್. ನಾನ್ ಕಾಣಲಿಲ್ಲ. ಮನಿಗ್ ಬಪ್ಪತಿಗೆ ಕೈ ಮಸಿ. ಸೋಪಿಗ್ ಹೋತಿರ್ಲಿಲ್ಲ. ಬಿಂಬುಳಿ ಹಾಕಿ ತಿಕ್ಕುದ್. ಕೈ ತೊಳಿದೆ ಅನ್ನದ ಬಟ್ಲ್ ಮುಟ್ತಿರ್ಲಿಲ್ಲ ಅವ್ರ್."

ಡ್ರಮ್ಮಿನೊಳಗೆ ಉಳಿದ ಧೂಳು. ಮುಚ್ಚಳ ತೆಗೆದವನ ಕೈಗೆ ಅದು ಹತ್ತಲೇಬೇಕು. ಎಲ್ಲವೂ ಸರಿಹೊಂದಿತು. ಒಂದು ಕ್ಷಣ ನನಗೆ ಅಪ್ಪಯ್ಯ ತಿರುಗಿ ಸಿಕ್ಕಿದರು ಅನ್ನಿಸಿತು. ಚಕ್ರ ಹೋದರೆ ಹೋಗಲಿ, ಕೈ ಸಿಕ್ಕಿತಲ್ಲ.

"ಹಂಗಾರೆ ನಾನ್ ನೀರ್ ಬಿಡ್ತಿದ್ದದ್ದ್ ಅವ್ರ ಕೈಗೆ," ಅಂದೆ.

ಅಕ್ಕ ಗಿಂಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಕೆಳಗಿಟ್ಟಳು.

"ನೀರ್ ಬಿಡ್ತಿದ್ದದ್ದ್ ನಾನ್."

"ಮತ್ತೆ ನಾನ್?"

"ನೀನ್ ಎಲ್ಲಿದ್ದೆ ಇಲ್ಲಿ? ನೀನ್ ಶಂಕರನಾರಾಯಣದಗೆ ಅಲ್ದಾ, ಮಾವನ ಮನಿಯಗೆ."

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಕಾಲ ಕಾನೂನಿನಲ್ಲಿ ಮುಗಿದಿದ್ದರೂ ನಮ್ಮ ಮನೆತನಗಳಲ್ಲಿ ಗಂಡುಮಗು ಸೋದರಮಾವನ ಆಸರೆಯಲ್ಲೇ ಬೆಳೆಯಬೇಕೆಂಬುದು ಮುಗಿದಿರಲಿಲ್ಲ. ನಾನು ನಡೆಯಲು ಕಲಿತ ಮೇಲೆ ಹೆಚ್ಚು ಕಾಲ ಮಾವನ ಊರಾದ ಶಂಕರನಾರಾಯಣದಲ್ಲೇ ಇದ್ದೆ. ಶಾಲೆಗೂ ಅಲ್ಲಿಂದಲೇ ಹೋದೆ. ರಜೆಯಲ್ಲಿ ಮಾತ್ರ ಕುಂದಾಪುರ. ಗೊತ್ತಿದ್ದೂ ಆ ದೃಶ್ಯದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿರಲಿಲ್ಲ.

"ರಜೆಯಗೆ ಬಂದಾಗ ನಾನೂ ಬಿಟ್ಟಿರ್ಲಕ್ಕಲೆ?" ಎಂದು ಕೇಳಿದೆ. ನನ್ನ ದನಿ ನನಗೇ ವಿದ್ಯಾರ್ಥಿಯೊಬ್ಬ ಅಂಕಕ್ಕೆ ಚೌಕಾಶಿ ಮಾಡಿದ ಹಾಗೆ ಕೇಳಿತು.

"ರಜೆಯಗೆ ನೀನ್ ಬಪ್ಪತಿಗೆ ದಣಿಗಳ್ ಮಕ್ಳನ್ನ ಕರ್ಕಂಡ್ ಊರೂರ್ ತಿರ್ಗುಕ್ ಹೋಪುದ್. ಅಪ್ಪಯ್ಯ ಅವ್ರ ಒಟ್ಟಿಗೆ. ನೀನ್ ಬಂದ್ ಬಾಗ್ಲಗೆ ಕೂತ್ಕಂಬುದ್. ಮತ್ತೆ ರಾತ್ರಿ ಚಾಪೆ ಮೇಲೆ ನನ್ನ ಜೀವ ತಿಂಬುದ್. ಅಪ್ಪಯ್ಯ ಎಂತ ಮಾಡ್ತ್ರ್, ಎಂತ ಹೇಳ್ತ್ರ್, ಹೇಳ್ ಹೇಳ್ ಅಂದೇಳಿ. ನಾನ್ ಇದನ್ನೇ ಹೇಳುದ್. ಬೇರೆ ಎಂತ ಇದ್ದಿತ್ ಹೇಳುಕೆ?"

ಸಣ್ಣಕ್ ಬಿಡ್ ಎಂಬ ಮಾತು ಅವಳಿಗೆ ಹೇಳಿದ್ದು. ನಾನು ಕತ್ತಲೆಯಲ್ಲಿ ಮಲಗಿ ಅವಳ ಬಾಯಿಂದ ಕೇಳಿದ್ದು. ಅಪ್ಪಯ್ಯ ಕಾರಿನವರು ಎಂದು ಗೊತ್ತಿದ್ದ ಹುಡುಗ ಒಂದು ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಅಕ್ಕನ ಕೈಯಿಂದ ಚೊಂಬನ್ನು ತಾನು ತೆಗೆದುಕೊಂಡಿದ್ದ.

ಆದರೂ ಚಟ ಬಿಡಲಿಲ್ಲ. "ನಿಂಗೆ ಖಂಡಿತ ನೆನಪಿತ್ತಾ? ನಿಂಗೂ ಅಮ್ಮ ಹೇಳಿ ಗೊತ್ತಾದ್ದೂ ಇರ್ಲಕ್ಕ್."

ಅಕ್ಕ ನನ್ನ ಮುಖವನ್ನು ನೋಡಿದಳು. ಕೋಪವಿರಲಿಲ್ಲ. "ಇರ್ಲಕ್ಕ್," ಅಂದಳು. "ನಿಂಗ್ ಬೇಕಾರೆ ನೀನೇ ಬಿಟ್ಟದ್ದ್ ಅಂದೇಳಿ ಇಟ್ಕೋ. ನಾನ್ ಯಾರಿಗೆ ಹೇಳುಕ್ ಹೋಯ್ಕ್?"

ಅವಳು ಅದನ್ನು ನಿಜವಾಗಿ ಕೊಡುತ್ತಿದ್ದಳು. ಚಿಕ್ಕವನಿರುವಾಗ ತೆಗೆದುಕೊಂಡಿದ್ದೆ, ಈಗ ತೆಗೆದುಕೊಳ್ಳಲಾಗಲಿಲ್ಲ. ಗೊತ್ತಾದ ಮೇಲೆ ಅದು ನನ್ನ ಹತ್ತಿರ ನಿಲ್ಲುವುದಿಲ್ಲ.

"ಕೈ ಕಾಣ್ ನಿಂದ್," ಅಂದಳು. "ಹಾಂಗೇ ಒಳ್ಗ್ ಬಪ್ಪುದ್ ಬ್ಯಾಡ. ಇಲ್ಲಿ ಹಿಡಿ."

ನಾನು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅವಳು ಬಿಂಬುಳಿ ಸೀಳಿ ನನ್ನ ಅಂಗೈಗೆ ಹಾಕಿದಳು. ತಿಕ್ಕಿದೆ. ಉಗುರಿನ ಬುಡದ ಗೀರಿಗೆ ಹುಳಿ ತಾಗಿ ಚುರುಗುಟ್ಟಿತು. ಅಕ್ಕ ಚೊಂಬಿನಿಂದ ನೀರು ಬಿಟ್ಟಳು, ನೂಲಿನ ಹಾಗೆ, ಒಂದು ಹನಿಯೂ ಆಚೆ ಹೋಗದಂತೆ. ಬಾಗದೆ, ನೋಡದೆ ಬಿಟ್ಟಳು. ಆ ಕೈ ಅದನ್ನು ಎಂದೋ ಕಲಿತದ್ದು ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ. ಕಪ್ಪು ನೀರು ಮೊಣಕೈವರೆಗೆ ಇಳಿಯಿತು.

"ಅಪ್ಪಯ್ಯನ್ ಕೈ ಹೀಂಗೇ ಇದ್ದಿತಾ?" ಎಂದು ಕೇಳಿದೆ.

"ಇಲ್ಲ. ಅವ್ರದ್ದ್ ಒಳ್ಳೆ ಗಟ್ಟಿ. ನಿಂದ್ ಸೀಮೆಸುಣ್ಣ ಹಿಡ್ದ್ ಕೈ." ಈಗ ಬಾಗಿ ನೋಡಿ, "ಉಗುರ್ ಮಾತ್ರ ಅವ್ರದ್ದೇ," ಅಂದಳು.

ಊಟ ಮಾಡಿಸಿದಳು. ಉಳಿ ಅಂದಳು. ನನಗೆ ಕೂರಲಾಗಲಿಲ್ಲ. ಒಂದು ಚೀಲ ಬಿಂಬುಳಿಯನ್ನು ಹಿಂದಿನ ಸೀಟಿನ ಮೇಲೆ ಇಟ್ಟು, "ಸಾರಿಗೆ ಹಾಕ್, ಕಾರಿಗಲ್ಲ" ಅಂದಳು.

ಸಂಜೆಯ ಹೆದ್ದಾರಿಯಲ್ಲಿ ಬಸ್ಸುಗಳ ಹಿಂದೆ ಬ್ರೇಕ್ ಒತ್ತುತ್ತ ಒತ್ತುತ್ತ ಬಂದೆ. ದಾರಿಯುದ್ದಕ್ಕೂ ಆ ದೃಶ್ಯವನ್ನು ಹೊಸದಾಗಿ ಕಾಣಲು ನೋಡಿದೆ. ಚಕ್ರವನ್ನು ತೆಗೆದರೆ ಕೈ ಕಂಡಿತು, ಕಪ್ಪು ನೀರು ಕಂಡಿತು. ಅಕ್ಕ, ಲಂಗ ಮೇಲೆತ್ತಿ ಕಟ್ಟಿದ ಹುಡುಗಿ, ಕಂಡಳು. ನಾನು ಎಲ್ಲೂ ಇರಲಿಲ್ಲ. ಎಲ್ಲಿಂದ ನೋಡುತ್ತಿದ್ದೇನೆ ಎಂಬುದೂ ತಿಳಿಯಲಿಲ್ಲ.

ಮನೆ ಮುಟ್ಟುವಾಗ ಇನ್ನೂ ಸ್ವಲ್ಪ ಬೆಳಕಿತ್ತು. ಪಕ್ಕದ ಮನೆಯವರು ಗೋಡೆಯ ಹತ್ತಿರ ಇರಲಿಲ್ಲ. ಬಿಳಿ ಕಲೆಗಳ ಮೇಲೆ ಆಗಲೇ ಹೊಸ ಕಪ್ಪು ಕೂತಿತ್ತು. ಬಿಸಿ ಚಕ್ರಕ್ಕೆ ತಣ್ಣೀರು ಹಾಕಬಾರದು. ಒಳಗಿನಿಂದ ಚೊಂಬಿನಲ್ಲಿ ನೀರು ತಂದು, ಚಕ್ರ ಆರುವವರೆಗೆ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಎದ್ದು ಹೋಗಿ ಬಾಗಿ ನೀರು ಬಿಟ್ಟೆ. ಸಣ್ಣಗೆ ಬಿಡು ಎನ್ನುವವರು ಯಾರೂ ಇರಲಿಲ್ಲ. ಆದರೂ ಸಣ್ಣಗೇ ಬಿಟ್ಟೆ.