ಬಾಯಿಪಾಠ ಮಾಡಿದ ಬ್ಯಾಂಡು

ನಾರ್ತ್ ಸಿಡ್ನಿಯ ನಮ್ಮ ಆಫೀಸಿನ ಮ್ಯಾನೇಜರಿಗೆ ಒಂದು ಹುಚ್ಚಿತ್ತು. ಅರವತ್ತರ ದಶಕದ, ಹೆಚ್ಚು ಜನ ಕೇಳಿರದ ಒಂದು ಬ್ರಿಟಿಷ್ ಸೈಕೆಡೆಲಿಕ್ ರಾಕ್ ಬ್ಯಾಂಡಿನ ಹುಚ್ಚು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಗೆಳೆಯನಿಗೂ ಆ ಬ್ಯಾಂಡು ಗೊತ್ತಿತ್ತು; ಅವನ ಅಪ್ಪ ಪ್ರೊಫೆಸರ್, ಮನೆಯಲ್ಲಿ ರೆಕಾರ್ಡುಗಳಿದ್ದವು. ಊಟದ ಹೊತ್ತಿನಲ್ಲಿ ಅವರಿಬ್ಬರೂ ಅದನ್ನೇ ಮಾತಾಡಿಕೊಂಡು ನಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಕೂತು ಓದಿದರೆ ಬರದಿರುವುದು ಯಾವುದೂ ಇಲ್ಲ ಎಂದು ನಂಬಿದವನು.

ಆ ಬ್ಯಾಂಡಿನವರು ಮುದಿ ವಯಸ್ಸಿನಲ್ಲಿ ಮತ್ತೆ ಒಂದಾಗಿ ಮೆಲ್ಬರ್ನಿಗೆ ಬರುತ್ತಿದ್ದಾರೆ, ತನ್ನ ಹತ್ತಿರ ಇನ್ನೊಂದು ಟಿಕೆಟ್ ಇದೆ ಎಂದು ಮ್ಯಾನೇಜರ್ ಹೇಳಿದ. ಅದು ನನಗೇ ಸಿಗಲಿ ಎಂದು ವಾರವಿಡೀ ಇಂಟರ್ನೆಟ್ಟಿನಲ್ಲಿ ಕೂತು ಅವರ ಚರಿತ್ರೆ ಬಾಯಿಪಾಠ ಮಾಡಿದೆ. ಎರಡೇ ಆಲ್ಬಂ, ಎರಡೂ ಓಡಲಿಲ್ಲ. ಗಾಯಕ ಮೇಷ್ಟ್ರಾದ, ಡ್ರಮ್ಮರ್ ಟ್ಯಾಕ್ಸಿ ಓಡಿಸಿದ. ಎಷ್ಟೋ ವರ್ಷಗಳ ಮೇಲೆ ಯಾರೋ ಹಳೆಯ ರೆಕಾರ್ಡು ಹುಡುಕಿ ತೆಗೆದ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ಅಭಿಮಾನಿ ಹುಟ್ಟಿಕೊಂಡರು. ಎಲ್ಲವನ್ನೂ ಮ್ಯಾನೇಜರ್ ಮುಂದೆ ಒಂದೇ ಉಸಿರಿಗೆ ಒಪ್ಪಿಸಿದೆ.

"ನಿನಗೆ ಇಷ್ಟವಾದ ಹಾಡು ಯಾವುದು?" ಎಂದು ಕೇಳಿದ.

ನಾನು ಒಂದು ಹಾಡನ್ನೂ ಕೇಳಿರಲಿಲ್ಲ.

"ಲೇ ಮಗನ, ಗೈಡ್ ಓದಿ ಪರೀಕ್ಷಾಕ್ಕ ಬಂದಿಯೇನು?" ಎಂದು ಪಕ್ಕದಲ್ಲೇ ಕೂತಿದ್ದ ಗೆಳೆಯ ಕನ್ನಡದಲ್ಲಿ ಹೇಳಿ ನಕ್ಕ.

ಟಿಕೆಟ್ ಅವನಿಗೇ ಹೋಯಿತು. ಅವರಿಬ್ಬರೂ ಮೆಲ್ಬರ್ನಿಗೆ ಹೊರಟ ಶನಿವಾರ, ಬ್ಲ್ಯಾಕ್‌ಟೌನಿನ ನನ್ನ ರೂಮಿನಲ್ಲಿ ಆ ಹಾಡುಗಳನ್ನು ಮೊದಲ ಸಲ ಹಾಕಿದೆ. ಬರೀ ಗದ್ದಲ ಎನಿಸಿದ್ದರೆ ಸಮಾಧಾನವಾಗುತ್ತಿತ್ತು. ಚೆನ್ನಾಗಿದ್ದವು. ಇವನ್ನೆಲ್ಲ ಗೆಳೆಯ ಚಿಕ್ಕಂದಿನಲ್ಲೇ, ಓದದೆ, ಸುಮ್ಮನೆ ಕೇಳುತ್ತ ಬೆಳೆದನಲ್ಲ ಎನ್ನುವುದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ.