ಯಾವಾಗಲೂ ಸಿಗುವವನ ಕಷ್ಟ

ನಾನು ಸುಳ್ಳು ಹೇಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಮನಸ್ಸು ಶುದ್ಧವಾಯಿತೆಂದಲ್ಲ, ಬೆಳ್ಳಾರೆಯ ಆಚೆ ನಮ್ಮ ಮನೆಯ ಎದುರಿನ ಗುಡ್ಡೆಗೆ ಟವರ್ ಬಂತು. ಅದಕ್ಕಿಂತ ಮೊದಲು "ರೇಂಜ್ ಇರಲಿಲ್ಲ ಮಾರಾಯ್ರೆ" ಎಂಬ ಒಂದೇ ವಾಕ್ಯದಿಂದ ಎಷ್ಟೋ ಮೀಟಿಂಗು ತಪ್ಪಿಸಿಕೊಂಡಿದ್ದೆ. ಈಗ ಪುತ್ತೂರು ದರ್ಬೆಯ ಆಫೀಸಿನಿಂದ ಹೊರಡದೆಯೇ "ಕುಂಬ್ರ ದಾಟಿದೆ" ಎನ್ನುವ ಹಾಗೂ ಇಲ್ಲ. "ಹೌದಾ, ಲೊಕೇಶನ್ ಹಾಕಿ" ಎನ್ನುತ್ತಾರೆ.

ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು. ಇದನ್ನು ಹೇಳದೆ ಯಾವ ಮಾತನ್ನೂ ಮುಗಿಸುವವನಲ್ಲ, ಆದ್ದರಿಂದ ಈಗಲೇ ಹೇಳಿದೆ. ಬೆಳಿಗ್ಗೆ ಪುತ್ತೂರಿನ ಹೋಟೆಲಿನಲ್ಲಿ ದೋಸೆ ಬಡಿಸಿ, ಸಾಂಬಾರು ಕಲೆಯ ಅದೇ ಅಂಗಿಯಲ್ಲಿ ಕ್ಲಾಸಿಗೆ ಓಡಿ ಗಳಿಸಿದ ಡಿಗ್ರಿ, ಹೆಮ್ಮೆಪಟ್ಟರೆ ತಪ್ಪೇನು? ಆದರೆ ಓದಿದವ ಎಂದ ಮೇಲೆ ಊರವರ ಒಟಿಪಿ, ರೇಷನ್ ಕಾರ್ಡು, ಆಧಾರ್ ಎಲ್ಲದಕ್ಕೂ ನನ್ನದೇ ನಂಬರ್. ಸ್ನಾನಕ್ಕೆ ಹೋದರೂ ಬಚ್ಚಲಿನ ಹೊರಗೆ ಫೋನು ಬಡಿದುಕೊಳ್ಳುತ್ತದೆ. ಎರಡನೇ ಸಲ ಎತ್ತದಿದ್ದರೆ, "ನೀವು ದೊಡ್ಡ ಜನ ಆದಿರಿ" ಎಂಬ ಮಾತು.

ಅಜ್ಜನ ಕಾಲದ ಫೋನಿನ ಹೆಸರು "ಕೂ". ಈಚೆ ಗುಡ್ಡೆಯಲ್ಲಿ ನಿಂತು ಉದ್ದಕ್ಕೆ ಒಂದು ಕೂ ಹಾಕಿದರೆ ಆಚೆ ಮನೆಯವರು ತಿರುಗಿ ಕೂ ಹಾಕುತ್ತಿದ್ದರು. ಹಾಕದಿದ್ದರೆ ಮನೆಯಲ್ಲಿಲ್ಲ ಎಂದು ಅರ್ಥ. ಇದ್ದೂ ಹಾಕದಿದ್ದರೂ ಅದೇ ಅರ್ಥ. ಕೇಳಿಸಿಕೊಂಡದ್ದಕ್ಕೆ ಸಾಕ್ಷಿ ಹೇಳುವ ವಾಟ್ಸಾಪಿನ ನೀಲಿ ಗೆರೆಗಳು ಆ ಕೂಗಿಗೆ ಇರಲಿಲ್ಲ. ಅದಕ್ಕಿಂತ ಮರ್ಯಾದೆಯ ಯಂತ್ರ ಇನ್ನೂ ಬಂದಿಲ್ಲ ಎಂಬುದು ನನ್ನ ಪದವೀಧರ ಅಭಿಪ್ರಾಯ.

ಇರಲಿ. ಕಡಬದಲ್ಲಿರುವ ಚಿಕ್ಕಮ್ಮ, ಅಂದರೆ ಅಮ್ಮನ ಒಬ್ಬಳೇ ತಂಗಿ, ಮಗಳ ಮದುವೆಯ ಕಾಗದವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಬಸ್ಸಿನಲ್ಲಿ ನೇತಾಡುತ್ತಿದ್ದ ನಾನು ಒಂದು ಹೆಬ್ಬೆಟ್ಟು ಒತ್ತಿದೆ. ಮೂರು ತಲೆಮಾರಿನ ಹೆಬ್ಬೆಟ್ಟು ನಿಲ್ಲಿಸಬೇಕೆಂದು ಓದಿದವ ಈಗ ದಿನಕ್ಕೆ ನೂರು ಸಲ ಒತ್ತುತ್ತೇನೆ.

ಸಂಜೆ ಅಮ್ಮನಿಗೆ ತೋರಿಸಿದೆ. "ಚಂದ ಉಂಟು" ಎಂದರು. "ಹೇಳಿಕೆಗೆ ಯಾವಾಗ ಬರ್ತಾಳಂತೆ?"

"ಇದೇ ಹೇಳಿಕೆ ಅಮ್ಮ."

"ಇದು ನಿನ್ನ ಫೋನಿಗೆ ಹೇಳಿಕೆ. ಮದುವೆಗೆ ಅದನ್ನೇ ಕಳಿಸು."

ನಮ್ಮ ಕಡೆ ಹೇಳಿಕೆ ಎಂದರೆ ಮನೆಗೇ ಬಂದು, ಬೆಲ್ಲ ನೀರು ಕುಡಿದು, ಕಾಗದ ಕೈಗೆ ಕೊಟ್ಟು, ಬಾಯಿ ತೆರೆದು ಕರೆಯುವುದು. ಅದಿಲ್ಲದೆ ಅಮ್ಮ ಯಾವ ನೆಂಟರ ಮೆಟ್ಟಿಲನ್ನೂ ಹತ್ತಿದವರಲ್ಲ. ಮದುವೆಯ ಹುಡುಗಿಯಾದರೋ ಎರಡು ವರ್ಷ ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋದವಳು. ದಿನಾ ಬೆಳಿಗ್ಗೆ ಜಡೆ ಹಾಕಿ ಕಳಿಸಿದ್ದು ಅಮ್ಮ. ಅವಳ ಧಾರೆ ನೋಡದೆ ಉಳಿದರೆ ಅಮ್ಮ ಆ ಸಂಕಟವನ್ನು ಸಾಯುವವರೆಗೆ ಮರೆಯುವವರಲ್ಲ. ಕಪಾಟಿನ ಸೀರೆಯನ್ನು ಸದ್ದಿಲ್ಲದೆ ಬಿಸಿಲಿಗೆ ಹಾಕಿದ್ದನ್ನೂ ನೋಡಿದೆ. ಆದರೆ ಹಟ ಬಿಡಲಿಲ್ಲ.

ಚಿಕ್ಕಮ್ಮನಿಗೆ ತಿಳಿಸಿದೆ. "ನೀನು ಹೆಬ್ಬೆಟ್ಟು ಒತ್ತಿದ್ದಿಯಲ್ಲ ಮಗ, ಮತ್ತೆಂತ? ಈಗ ಎಲ್ಲ ಕಡೆ ಹೀಗೇ ಅಲ್ವಾ? ಅಕ್ಕನಿಗೆ ಫೋನ್ ಕೊಡು."

ಸ್ವಂತ ಫೋನಿಲ್ಲದ ಅಮ್ಮ ಅಡುಗೆಮನೆಯಿಂದಲೇ, "ನಾನು ಮನೆಯಲ್ಲಿ ಇಲ್ಲ ಅಂತ ಹೇಳು" ಎಂದರು, ಕಡಬಕ್ಕೆ ಕೇಳುವಷ್ಟು ಗಟ್ಟಿಯಾಗಿ.

ಹೀಗೆ ಅಕ್ಕತಂಗಿಯರ ಮಾತು ಹೊತ್ತು ಹೊತ್ತು ಸಾಕಾಗಿ, ಮದುವೆಗೆ ಹತ್ತು ದಿನವಿರುವಾಗ, ಒಂದು ಭಾನುವಾರ ಬೆಳಿಗ್ಗೆ ಫೋನನ್ನು ಸೈಲೆಂಟ್ ಮಾಡಿ ಬೀರುವಿನಲ್ಲಿಟ್ಟೆ. ಇದನ್ನು ಯಾರೂ ಕ್ರಾಂತಿ ಎನ್ನಬೇಡಿ. ಶುದ್ಧ ಹೆದರಿಕೆ.

ಊಟದ ಹೊತ್ತಿಗೆ ಅಂಗಳದಲ್ಲಿ ರಿಕ್ಷಾ ನಿಂತಿತು. ಇಳಿದದ್ದು ಚಿಕ್ಕಮ್ಮ. ಎರಡು ಬಸ್ಸು ಬದಲಿಸಿ, ಮನೆಯಲ್ಲಿ ಉಡುವ ಸೀರೆಯಲ್ಲೇ, ಕಾಲಿಗೆ ಯಾರದೋ ಚಪ್ಪಲಿ ಸಿಕ್ಕಿಸಿಕೊಂಡು ಬಂದಿದ್ದರು.

"ಅಕ್ಕ ಎಲ್ಲಿ? ಎಂತ ಆಯಿತು ಅಕ್ಕನಿಗೆ? ಫೋನ್ ಎತ್ತದೆ ಇರುವವನಾ ನೀನು!"

ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ನನಗೆಂತ ಧಾಡಿ? ಗಟ್ಟಿ ಇದ್ದೇನೆ."

ಚಿಕ್ಕಮ್ಮ ಮೆಟ್ಟಿಲಲ್ಲೇ ಕೂತು ಅತ್ತರು. ಅತ್ತಾದ ಮೇಲೆ ಬೈದರು. ಹೆಚ್ಚಿನ ಪಾಲು ನನಗೆ. ಅಮ್ಮ ಬೆಲ್ಲ ನೀರು ತಂದಿಟ್ಟು, "ಕಾಗದ ಎಲ್ಲಿ?" ಎಂದರು.

"ನಿನ್ನ ಜೀವ ಉಂಟಾ ಅಂತ ನೋಡ್ಲಿಕ್ಕೆ ಓಡಿ ಬಂದವಳಿಗೆ ಕಾಗದ ನೆನಪಾಗುದಾ ಅಕ್ಕ?"

"ಆಯಿತು. ಬಾಯಿ ಉಂಟಲ್ಲ."

ಚಿಕ್ಕಮ್ಮ ಕಣ್ಣು ಒರೆಸಿಕೊಂಡು, ಸೆರಗು ಸರಿಮಾಡಿ ಎದ್ದು ನಿಂತರು. ಹುಟ್ಟಿದಂದಿನಿಂದ ಅಕ್ಕನನ್ನು ನೀನು ಎಂದವರು, "ಮಗಳ ಮದುವೆ ಉಂಟು. ನೀವು ಎರಡು ದಿನ ಮೊದಲೇ ಬಂದು ಎಲ್ಲ ಚಂದಗಾಣಿಸಿ ಕೊಡಬೇಕು" ಎಂದರು.

"ಎರಡು ದಿನದಲ್ಲಿ ಎಂತ ಆಗ್ತದೆ? ನಾನು ನಾಲ್ಕು ದಿನ ಮೊದಲೇ ಬರ್ತೇನೆ" ಎಂದ ಅಮ್ಮ ಊಟಕ್ಕೆ ಇನ್ನೊಂದು ಎಲೆ ಹಾಕಿದರು.

ಇಬ್ಬರೂ ಉಣ್ಣಲು ಕೂತ ಮೇಲೆ ಫೋನು ತೆಗೆದು ನೋಡಿದೆ. ಚಿಕ್ಕಮ್ಮನ ಹದಿನೇಳು ಮಿಸ್ಡ್ ಕಾಲ್. ಮೊದಲನೆಯದನ್ನೇ ಎತ್ತಿದ್ದರೆ, "ಅಮ್ಮ ಆರಾಮ ಇದ್ದಾರೆ" ಎಂದು ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಚಿಕ್ಕಮ್ಮ ಕಡಬದಲ್ಲಿ, ಅಮ್ಮ ಇಲ್ಲಿ, ಇಬ್ಬರೂ ಹಾಗೇ ಆರಾಮ ಇದ್ದುಬಿಡುತ್ತಿದ್ದರು.