ಅಲುಗಿಸದ ಸೀಸೆ

ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಚಿಕ್ಕ ಕೋಣೆ. ಅಲ್ಲಿ ಎರಡು ಫ್ರಿಜ್ಜು, ಗಿರಗಿರ ಸುತ್ತುವ ಒಂದು ಯಂತ್ರ, ಮತ್ತು ಎಲ್ಲರೂ ಕೆನೆಯಕ್ಕ ಎಂದು ಕರೆಯುವ ಹೆಂಗಸು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ತಾಯಂದಿರು ತೆಗೆದುಕೊಟ್ಟ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಗಾಜಿನ ಸಣ್ಣ ನಳಿಕೆಗೆ ಎರಡು ಹನಿ ಏರಿಸಿ ಯಂತ್ರದಲ್ಲಿ ಸುತ್ತಿಸಿದರೆ ಕೆನೆ ಒಂದು ತುದಿಗೆ ಸೇರುತ್ತದೆ. ಅದರ ಉದ್ದ ನೋಡಿ ಚೀಟಿಯಲ್ಲಿ ಬರೆದರೆ ಮುಗಿಯಿತು. ಹಿಂದೆ ಹನ್ನೊಂದು ವರ್ಷ ಡೇರಿಯಲ್ಲಿ ಕೊಬ್ಬು ಅಳೆದವಳು. "ಹಸು ಬಿಟ್ಟು ಹೆಂಗಸರ ಕಡೆ ಬಂದೆ, ಬಡ್ತಿ ಸಿಕ್ತು ಅಂತಲೇ ಇಟ್ಕೊಳ್ಳಿ" ಎಂದು ತಾನೇ ನಗುತ್ತಿದ್ದಳು.

ಇಟ್ಟ ಹಾಲಿನಲ್ಲಿ ಕೊಬ್ಬು ಮೇಲೆ ತೇಲುತ್ತದೆ. ಆದ್ದರಿಂದ ಸೀಸೆಯನ್ನು ಬೆಚ್ಚಗೆ ಮಾಡಿ, ಹತ್ತು ಸಲ ಮೆಲ್ಲಗೆ ತಿರುಗಿಸಿ, ಆಮೇಲೆಯೇ ನಳಿಕೆ ಅದ್ದಬೇಕು. ಹೊಸಬರು ಯಾರಾದರೂ ಇದನ್ನು ಮರೆತರೆ ಕೆನೆಯಕ್ಕ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಅಂಥವಳೇ ಆ ಮಂಗಳವಾರ ಎಡವಿದಳು. ಸೋಮಾರಿತನದಿಂದಲ್ಲ, ಮರುಕದಿಂದ. ಬಾಣಂತಿಯರ ವಾರ್ಡಿನಿಂದ ಬಂದ ಸೀಸೆಯಲ್ಲಿ ಮೂರು ಚಮಚದಷ್ಟೂ ಹಾಲಿರಲಿಲ್ಲ. ತಾಯಿ ಟೈಲರ್ ಕೆಲಸದ ಹುಡುಗಿ, ಚೊಚ್ಚಲ ಹೆರಿಗೆ, ಏಳು ತಿಂಗಳಿಗೇ ಹುಟ್ಟಿದ ಮಗ. ಹಿಂದಿನ ದಿನವೆಲ್ಲ ಎದೆಹಾಲಿನ ಪಂಪು ಹಿಡಿದು ಕೂತು ತೆಗೆದದ್ದು ಅಷ್ಟೇ. ತಿರುಗಿಸಿದರೆ ಇದರಲ್ಲಿ ಅರ್ಧ ಗಾಜಿಗೇ ಅಂಟಿ ಹೋದೀತು ಎಂದು ಕೆನೆಯಕ್ಕನಿಗೆ ಅನ್ನಿಸಿತು. ಸೀಸೆ ಅಲುಗಿಸದೆ ತಳದಿಂದಲೇ ನಳಿಕೆ ತುಂಬಿಸಿಕೊಂಡಳು. ನೂರಕ್ಕೆ ಮೂರೂವರೆಯ ಆಸುಪಾಸು ಬರಬೇಕಾದ ಕೊಬ್ಬಿನ ಅಳತೆ ಒಂದೂವರೆ ಬಂತು. ಹಾಲೇ ತೆಳು ಅಂದುಕೊಂಡು ಹಾಗೆಯೇ ಬರೆದು ವಾರ್ಡಿಗೆ ಕಳಿಸಿದಳು.

ಮರುದಿನ ಬೆಳಿಗ್ಗೆ ತೊಳೆಯಲು ಬಂದ ಸೀಸೆಗಳಲ್ಲಿ ಅದೂ ಇತ್ತು. ಒಳಗಡೆ ಸುತ್ತಲೂ ಹಳದಿ ಗೆರೆ. ಬೆರಳಿಟ್ಟು ನೋಡಿದರೆ ಜಿಡ್ಡು. ತಾನು ತಿರುಗಿಸದೆ ಬಿಟ್ಟ ಕೆನೆ. ಫ್ರಿಜ್ಜು ತೆರೆದು ಹುಡುಕಿದಳು. ಆ ತಾಯಿಯ ಹೊಸ ಸೀಸೆ ಒಂದೂ ಬಂದಿರಲಿಲ್ಲ. ಅವಳು ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದಳು.

ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಂಪು ಡಬ್ಬಿ ಸೇರಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದಳು.

"ತಂಗಿ, ನಿನ್ನ ಹಾಲು ನೀರಾಗಿಲ್ಲಮ್ಮ. ನಾನೇ ತಪ್ಪು ಅಳೆದೆ. ಕೊಬ್ಬೆಲ್ಲ ಸೀಸೆಗೆ ಅಂಟ್ಕೊಂಡಿತ್ತು, ನಾನು ತಿರುಗಿಸಲೇ ಇಲ್ಲ."

"ಈಗ ಬಂದು ಹೇಳ್ತಿದ್ದೀರಾ?" ಅತ್ತೆ ಸಿಡಿದಳು. "ಚೀಟಿ ನೋಡಿ ನಾನೇ ಡಬ್ಬಿ ಹಾಲು ಕೊಡ್ಸಿ ಅಂದೆ. ನಿನ್ನೆ ಮಧ್ಯಾಹ್ನದಿಂದ ಇವಳು ಪಂಪು ಮುಟ್ಟಿಲ್ಲ. ಇದ್ದಿದ್ದೂ ಬತ್ತಿಹೋದ್ರೆ?"

ಬೈದಿದ್ದು ಸಾಲದು ಅನ್ನಿಸಿತು ಕೆನೆಯಕ್ಕನಿಗೆ.

ಹುಡುಗಿ ಮೆಲ್ಲಗೆ ಎದ್ದು ಕೂತಳು. "ನಿನ್ನೆಯಿಂದ ಅವನನ್ನ ನೋಡೋಕೇ ಹೋಗಿಲ್ಲ ಅಕ್ಕ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮತ್ತೆ ಪಂಪು ಹಚ್ಚಿದರು. ಹತ್ತು ನಿಮಿಷವಾದರೂ ಒಂದು ಹನಿ ಬರಲಿಲ್ಲ. ಹುಡುಗಿ ಅಳತೊಡಗಿದಳು. ಅಷ್ಟು ಹೊತ್ತು ಗೊಣಗುತ್ತಿದ್ದ ಅತ್ತೆ ಎದ್ದು ಹೋಗಿ, ಬಿಸಿನೀರಲ್ಲಿ ಟವೆಲು ಹಿಂಡಿ ತಂದು ಸೊಸೆಯ ಎದೆಯ ಮೇಲೆ ಹರಡಿದಳು. "ಅಳಬೇಡ. ನನಗೇನು ಗೊತ್ತಿತ್ತು, ಅಂದುಬಿಟ್ಟೆ." ಆಮೇಲೆ ಒಂದು ಹನಿ ಬಿತ್ತು. ಮತ್ತೊಂದು. ಅರ್ಧ ಗಂಟೆಗೆ ಎರಡು ಚಮಚವಾಯಿತು.

ಅಭ್ಯಾಸಬಲ, ಕೆನೆಯಕ್ಕ ಸೀಸೆಗೆ ಕೈ ಚಾಚಿದಳು. ಹುಡುಗಿ ಕೊಡಲಿಲ್ಲ.

"ಅಳೆಯೋದು ಬೇಡ ಅಕ್ಕ. ಮೊದಲು ಅವನು ಕುಡೀಲಿ."

ಕೂಸುಗಳ ಕೋಣೆಗೆ ಕೆನೆಯಕ್ಕನೂ ಹಿಂದೆಯೇ ಹೋದಳು. ಎಷ್ಟು ಸಾವಿರ ಸೀಸೆ ಅಳೆದಿದ್ದಳೋ, ಆ ಹಾಲು ಕುಡಿದ ಮಗುವೊಂದನ್ನೂ ಅವಳು ನೋಡಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಅಂಗೈ ಅಗಲದ ಎದೆ ಏರಿಳಿಯುತ್ತಿತ್ತು. ನರ್ಸು ಮೂಗಿನ ಕೊಳವೆಗೆ ಹಾಲು ಬಿಟ್ಟಳು. ಹುಡುಗಿ ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ, ಮಗನ ಕಾಲನ್ನು ಒಂದೇ ಬೆರಳಿನಿಂದ ಮುಟ್ಟಿದಳು.

"ಬಂದೆ ಕಣೋ," ಎಂದಳು. "ಹೆದರ್ಕೊಂಡಿದ್ದೆ, ಅದಕ್ಕೇ ತಡ ಆಯ್ತು."